ಹಿಂದೆ ಓಡುವವನು

ಬಸ್ಸಿನಲ್ಲಿ ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದು ತಪ್ಪು. ಟಿಕೆಟ್ ಇಲ್ಲದವನು ಚೆಕಿಂಗಿಗೆ ಬಂದವರ ಮುಖವನ್ನೇ ನೇರವಾಗಿ ನೋಡಿ ನಗುತ್ತಾನೆ. ಇದು ಚೆಕಿಂಗಮ್ಮನ ಅನುಭವ. ಡಿಪೋದಲ್ಲಿ ಅವಳಿಗೆ ಅದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಅವಳು ಹತ್ತಿದ ಬಸ್ಸಿನಲ್ಲಿ ಗಲಾಟೆ ತಾನಾಗಿ ಅಡಗುತ್ತಿತ್ತು. ಟಿಕೆಟ್ ಇದ್ದವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಊರೆಲ್ಲವನ್ನೂ ಅನುಮಾನದಿಂದ ನೋಡುವುದು ಅವಳ ಉದ್ಯೋಗ. ಉದ್ಯೋಗ ಮುಗಿಸಿ ಮನೆಗೆ ಬಂದ ಮೇಲೂ ಆ ಕಣ್ಣನ್ನು ಗೂಟಕ್ಕೆ ನೇತುಹಾಕಲು ಬರುವುದಿಲ್ಲವಲ್ಲ! ಹಾಲಿನವನು ನೀರು ಬೆರೆಸಿದ್ದಾನೆಯೇ, ಪಕ್ಕದ ಮನೆಯವಳು ಇಷ್ಟು ಹೊತ್ತಿಗೆ ಯಾಕೆ ಬಾಗಿಲು ತೆರೆದಳು, ಗಂಡ ಇವತ್ತು ಯಾಕೆ ತಟ್ಟೆ ತೊಳೆದಿಟ್ಟ, ಎಲ್ಲದರ ಹಿಂದೆಯೂ ಏನೋ ಇದೆ ಎಂದೇ ಅವಳ ಲೆಕ್ಕ.

ಇಂಥವಳು ಓಟಕ್ಕೆ ಕೈ ಎತ್ತಿದ್ದು ಡಿಪೋದವರಿಗೆಲ್ಲ ಆಶ್ಚರ್ಯವೇ.

ಆವತ್ತು ಕ್ಯಾಂಟೀನಿನಲ್ಲಿ ಡಿಪೋದ ಕಂಟ್ರೋಲರ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಬಸ್ಸುಗಳನ್ನು ಹೊರಡಿಸುವ ಸೀಟಿ ಹಗಲೂ ರಾತ್ರಿ ಅವನ ಕೊರಳಲ್ಲೇ ಇರುತ್ತಿದ್ದುದರಿಂದ ಎಲ್ಲರಿಗೂ ಅವನು ಸೀಟಿ ಸಾಹೇಬ. "ಕಿಡ್ನಿ ಕೆಟ್ಟೋರು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸ್ಕೊಂಡು ಬರ್ತಾರೆ. ಹೋಗೋದು ನಮ್ಮ ಬಸ್ಸಲ್ಲೇ. ಬರೋವಾಗ ನಿಲ್ಲೋಕೂ ಶಕ್ತಿ ಇರಲ್ಲ, ಆದ್ರೂ ನಿಂತ್ಕೊಂಡೇ ಬರ್ತಾರೆ. ಇವರಿಗೊಂದು ವ್ಯಾನ್ ಬೇಕು. ಓಡಿಸೋಕೆ ನಮ್ಮ ಡ್ರೈವರುಗಳಿದಾರೆ. ವ್ಯಾನಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂದ್ರೆ, ಮುಂದಿನ ಚಳಿಗಾಲದ ಮ್ಯಾರಥಾನ್ ನಾವು ಓಡಬೇಕು. ಒಂದೊಂದು ಕಿಲೋಮೀಟರಿಗೆ ಇಷ್ಟಿಷ್ಟು ಅಂತ ನಮ್ಮ ಪರಿಚಯದವರ ಹತ್ರ ಎತ್ತಬೇಕು. ಯಾರು ಬರ್ತೀರಾ?"

ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ಇಣುಕಿದರು. ಹಿಂದಿನ ಮೇಜಿನಿಂದ ಒಂದು ಕೈ ಮೇಲೆದ್ದಿತು. ಚೆಕಿಂಗಮ್ಮನದು.

"ಮೇಡಂ, ನೀವಾ?" ಎಂದ ಸೀಟಿ ಸಾಹೇಬ.

"ಯಾಕೆ, ಕಳ್ಳರ ಹಿಂದೆ ಓಡುವಾಗ ನೋಡಿಲ್ವಾ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳ ಅಕ್ಕ ಹಾಗೆಯೇ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿಬರುತ್ತಿದ್ದವಳು. ಒಂದು ಮಧ್ಯಾಹ್ನ, ಎರಡನೆಯ ಬಸ್ಸಿಗೆ ಕಾಯುತ್ತಾ ನಿಂತವಳು ನಿಲ್ದಾಣದ ಕಂಬಕ್ಕೆ ಒರಗಿದಂತೆಯೇ ಕೆಳಗೆ ಜಾರಿದ್ದಳು. ಸುತ್ತ ಜಾತ್ರೆಯಷ್ಟು ಜನ. ಕುಡಿದಿದ್ದಾಳೆ ಎಂದು ಕೆಲವರು ದೂರ ಸರಿದರು, ನೀರು ಕೊಡಿ ಎಂದು ಕೆಲವರು ಕೂಗಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚೆಕಿಂಗಮ್ಮ ಆಗ ಊರಿನ ಇನ್ನೊಂದು ಕೊನೆಯಲ್ಲಿ ಯಾರದೋ ಟಿಕೆಟ್ ನೋಡುತ್ತಿದ್ದಳು.

ಸಂಜೆ ಗಂಡನಿಗೆ ವಿಷಯ ತಿಳಿಸಿದಳು. ಅವನದು ಆಸ್ಪತ್ರೆಯ ಎದುರು ಸಾಲಿನಲ್ಲಿ ಚಿಕ್ಕದೊಂದು ಕನ್ನಡಕದ ಅಂಗಡಿ. ಇಡೀ ದಿನ ಗಾಜು ಉಜ್ಜಿ ಉಜ್ಜಿ ಅವನ ಬೆರಳ ತುದಿಗಳು ನುಣ್ಣಗೆ ಸವೆದಿದ್ದವು. ಅವನು ಅವಳನ್ನೇ ಒಂದು ಗಳಿಗೆ ನೋಡಿ, "ಆಯ್ತು, ಓಡು," ಎಂದ.

ಚೆಕಿಂಗಮ್ಮನಿಗೆ ಅಲ್ಲೇ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಪರದೆಯ ಬಟ್ಟೆಗೂ ಅರ್ಧ ದಿನ ವಾದ ಮಾಡುವ ಮನುಷ್ಯ ಇದಕ್ಕೆ ಹೇಗೆ ಇಷ್ಟು ಸುಲಭವಾಗಿ ಒಪ್ಪಿದ?

*

ಮೊದಲ ಪಾಳಿಗೆ ಮುಂಚೆ, ಬೆಳಕು ಹರಿಯುತ್ತಿದ್ದಂತೆ ಡಿಪೋ ಗೇಟಿನಿಂದ ಓಟ ಶುರುವಾಗುತ್ತಿತ್ತು. ಸೀಟಿ ಸಾಹೇಬ ಸೈಕಲ್ಲಿನ ಮೇಲೆ ಮುಂದೆ. ಅವನ ಹಿಂದೆ ಮೆಕ್ಯಾನಿಕ್ಕುಗಳು, ಟೈರ್ ವಿಭಾಗದವರು. ಅವರೆಲ್ಲರ ಹಿಂದೆ ಚೆಕಿಂಗಮ್ಮ ಮತ್ತು ಡ್ರೈವರ್ ಗುಂಡಣ್ಣ. ಗುಂಡಣ್ಣನ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು; ಡಾಕ್ಟರ ಮಾತಿಗೆ ಹೆದರಿ ಸೇರಿದ್ದ. ಡೀಸೆಲ್ ವಾಸನೆಯ ಅಂಗಳ ದಾಟಿ, ಗೋದಾಮುಗಳ ಸಾಲು ಹಿಡಿದು, ಕಾಲುವೆಯ ದಂಡೆಯ ಮೇಲೆ ಹಳೆಯ ಸೇತುವೆಯವರೆಗೆ ಹೋಗಿ ಬರುವುದು. ಮೊದಮೊದಲು ಚೆಕಿಂಗಮ್ಮನಿಗೆ ಗೋದಾಮು ಮುಟ್ಟುವಷ್ಟರಲ್ಲೇ ಜೀವ ಬಾಯಿಗೆ ಬರುತ್ತಿತ್ತು. ಆಮೇಲಾಮೇಲೆ ಸೇತುವೆ ಹತ್ತಿರವಾಯಿತು.

ಆಗ ಬಂದು ಸೇರಿಕೊಂಡವನು ಬೂದು ಟೋಪಿಯ ಒಬ್ಬ ತೆಳ್ಳಗಿನ ಆಸಾಮಿ. ಮೂವತ್ತರ ಆಸುಪಾಸು. ಸೊಂಟಕ್ಕೊಂದು ಸಣ್ಣ ಚೀಲ ಕಟ್ಟಿಕೊಂಡಿದ್ದ. ಡಿಪೋದವನಲ್ಲ.

"ಹೊರಗಿನೋರೂ ಓಡಬಹುದಾ ಸರ್?" ಎಂದು ಗೇಟಿನಲ್ಲಿ ನಿಂತು ಕೇಳಿದ.

"ಕಾಲಿದ್ರೆ ಸಾಕು!" ಎಂದ ಸೀಟಿ ಸಾಹೇಬ. ದುಡ್ಡು ಎತ್ತಲು ಇನ್ನೊಬ್ಬ ಸಿಕ್ಕನೆಂದು ಅವನಿಗೆ ಖುಷಿ.

"ನಿಮ್ಮ ಕೆಲಸ ಎಲ್ಲಿ?" ಚೆಕಿಂಗಮ್ಮ ಕೇಳಿದಳು.

"ಇಲ್ಲೇ ಹತ್ರದಲ್ಲೇ, ಅಮ್ಮಾ. ಪಾಳಿ ಕೆಲಸ."

ಇಲ್ಲೇ ಅಂದರೆ ಎಲ್ಲಿ? ಪಾಳಿ ಅಂದರೆ ಯಾವ ಪಾಳಿ? ಅವನು ಅವಳ ಮುಖವನ್ನೇ ನೋಡಿ ನಕ್ಕ.

ಅಲ್ಲಿಂದ ಶುರುವಾಯಿತು. ಬೂದು ಟೋಪಿಯವನು ಓಡುತ್ತಿದ್ದುದು ಚೆಕಿಂಗಮ್ಮನ ಹಿಂದೆ. ಪಕ್ಕದಲ್ಲಲ್ಲ, ಮುಂದೆಯಂತೂ ಅಲ್ಲವೇ ಅಲ್ಲ. ಎರಡು ಮೂರು ಮಾರು ಹಿಂದೆ, ಒಂದೇ ಸಮನೆ ಟಪ್ ಟಪ್ ಟಪ್. ಅವಳು ಜೋರಾಗಿ ಓಡಿದರೆ ಆ ಸದ್ದೂ ಜೋರಾಗುತ್ತಿತ್ತು. ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು. ಗುಂಡಣ್ಣ ಕೂಡ ಅವನನ್ನು ದಾಟಿ ಮುಂದೆ ಹೋಗುತ್ತಿದ್ದ. ಗುಂಡಣ್ಣ ದಾಟಿಹೋಗುವಷ್ಟು ನಿಧಾನ ಓಡುವ ತೆಳ್ಳಗಿನ ಮೂವತ್ತರ ಮನುಷ್ಯ ಲೋಕದಲ್ಲಿ ಇರಲು ಸಾಧ್ಯವೇ?

ಒಂದು ದಿನ ಪರೀಕ್ಷೆಗೆಂದೇ ಅವಳು ಬಗ್ಗಿ ಶೂ ಲೇಸು ಕಟ್ಟಿಕೊಂಡಳು. ತಲೆ ತಿರುಗಿಸಿ ನೋಡಿದರೆ, ಅವನೂ ಬಗ್ಗಿ ಲೇಸು ಕಟ್ಟುತ್ತಿದ್ದ. ಅವನ ಶೂಗೆ ಲೇಸೇ ಇರಲಿಲ್ಲ. ಅಂಟುವ ಪಟ್ಟಿ ಇತ್ತು.

ಇನ್ನೊಂದು ದಿನ ಕಾಲುವೆಯ ಗಾಳಿಗೆ ಗುಂಡಣ್ಣನ ಕರವಸ್ತ್ರ ಹಾರಿ ರಸ್ತೆಯ ಕಡೆ ಹೋಯಿತು. ಬೂದು ಟೋಪಿಯವನು ಯೋಚನೆಯೇ ಇಲ್ಲದೆ ಬಾಣದಂತೆ ನುಗ್ಗಿ ಅದನ್ನು ಹಿಡಿದು ತಂದುಕೊಟ್ಟ. ಉಸಿರು ಒಂದಿಷ್ಟೂ ಏರಿರಲಿಲ್ಲ. ಮರುಕ್ಷಣವೇ, ಏನೋ ನೆನಪಾದವನಂತೆ, ಸೊಂಟ ಹಿಡಿದು ಏದುಸಿರು ಬಿಡಲು ತೊಡಗಿದ.

"ನಾಟಕ," ಎಂದು ಚೆಕಿಂಗಮ್ಮ ಮನಸ್ಸಿನಲ್ಲೇ ಅಂದುಕೊಂಡಳು. 

ಗುಂಡಣ್ಣನಿಗೆ ಹೇಳಿದಳು. "ನಿಮ್ಮನ್ನ ಯಾರು ಹಿಂಬಾಲಿಸ್ತಾರೆ ಅಮ್ಮಾ? ಇಡೀ ಊರು ನಿಮ್ಮನ್ನ ನೋಡಿದ್ರೆ ಕಾಲಿಗೆ ಬುದ್ಧಿ ಹೇಳುತ್ತೆ," ಎಂದು ಅವನು ನಕ್ಕುಬಿಟ್ಟ.

ಆದರೆ ಅವಳ ಬೆನ್ನು ಹತ್ತಲು ಕಾರಣವಿದ್ದವನು ಒಬ್ಬನಿದ್ದ. ಕಳೆದ ವರ್ಷ ಒಬ್ಬ ಕಂಡಕ್ಟರ್, ಇಳಿದವರ ಕೈಯಿಂದ ಟಿಕೆಟ್ ವಾಪಸು ತೆಗೆದುಕೊಂಡು ಹತ್ತುವವರಿಗೆ ಮತ್ತೆ ಮಾರುತ್ತಿದ್ದುದನ್ನು ಅವಳು ಹಿಡಿದಿದ್ದಳು. ಅವನ ಕೆಲಸ ಹೋಯಿತು. ಹೋಗುವ ದಿನ ಗೇಟಿನಲ್ಲಿ ನಿಂತು, "ನಿಮಗೂ ಒಂದಿನ ಬರುತ್ತೆ, ನೋಡ್ಕೊಳ್ಳಿ," ಎಂದಿದ್ದ. ಆ ಒಂದು ದಿನ ಇದೇ ಇರಬೇಕು. ಬೂದು ಟೋಪಿ ಅವನ ತಮ್ಮನೋ ಭಾವಮೈದುನನೋ ಆಗಿರಬೇಕು. ಕಾಲುವೆ ದಂಡೆ, ಜನ ಸಂಚಾರವಿಲ್ಲದ ಹೊತ್ತು, ಹಿಂದಿನಿಂದ ಒಂದು ನೂಕು...

ಹೆದರಿ ಮನೆಯಲ್ಲಿ ಕೂರುವ ಜಾಯಮಾನ ಅವಳದಲ್ಲ. ರಜೆಯ ದಿನ ವಿಚಾರಿಸಿಕೊಂಡು ಹೊರಟಳು. ಆ ಕಂಡಕ್ಟರ್ ಈಗ ಮಾರುಕಟ್ಟೆ ರಸ್ತೆಯ ಒಂದು ಚಪ್ಪಲಿ ಅಂಗಡಿಯಲ್ಲಿದ್ದ. ಮಂಡಿಯೂರಿ ಕುಳಿತು ಯಾರದೋ ಮಗುವಿನ ಕಾಲಿಗೆ ಬೂಟು ಹಾಕುತ್ತಿದ್ದವನು ತಲೆ ಎತ್ತಿ ನೋಡಿ ಅಲ್ಲೇ ಕಲ್ಲಾದ.

"ಯಾರನ್ನ ಬಿಟ್ಟಿದೀಯ ನನ್ನ ಹಿಂದೆ?" ಎಂದಳು, ಪೀಠಿಕೆಯಿಲ್ಲದೆ.

"ಏನಂದ್ರಿ?"

"ಬೂದು ಟೋಪಿ. ತೆಳ್ಳಗಿನೋನು. ದಿನಾ ನನ್ನ ಬೆನ್ನ ಹಿಂದೆ ಓಡ್ತಾನೆ. ನೀನೇ ತಾನೇ ಕಳ್ಸಿರೋದು?"

ಅವನು ನಿಧಾನವಾಗಿ ಎದ್ದು ಮಂಡಿಯ ಧೂಳು ಕೊಡವಿಕೊಂಡ. "ನೋಡಿ, ನಿಮ್ಮ ಮೇಲೆ ಸಿಟ್ಟಿತ್ತು. ಇಲ್ಲ ಅನ್ನಲ್ಲ. ಆದ್ರೆ ಬೆಳಿಗ್ಗೆ ಅಂಗಡಿ ತೆಗೀಬೇಕು, ಸಂಜೆ ಮುಚ್ಚಬೇಕು, ಮಧ್ಯೆ ಊರೋರ ಕಾಲು ಹಿಡೀಬೇಕು. ನಿಮ್ಮನ್ನ ನೆನೆಸ್ಕೊಳ್ಳೋಕೂ ನನಗೆ ಪುರುಸೊತ್ತಿಲ್ಲ. ಇನ್ನು ಆಳಿಟ್ಟು ಓಡಿಸ್ತೀನಾ?"

ಅವನು ನಗಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ. ಅವಳ ಕಾಲಿನತ್ತ ನೋಡುತ್ತಿದ್ದ. "ಇದನ್ನ ಹಾಕ್ಕೊಂಡು ಓಡ್ತಿದೀರಾ? ಒಂದು ಕಡೆ ಪೂರಾ ಸವೆದುಹೋಗಿದೆ. ಮೊಣಕಾಲು ನೋಯಲ್ವಾ?"

ನೋಯುತ್ತಿತ್ತು. ಅವನು ಒಳಗೆ ಹೋಗಿ ಒಂದು ಜೊತೆ ತಂದು ಮುಂದಿಟ್ಟ. ಅವಳು ಆ ಶೂಗಳ ಒಳಗೆ ಕೈಹಾಕಿ ಮೊಳೆ ಗಿಳೆ ಇದೆಯೇ ಎಂದು ತಡವಿ ನೋಡಿದಳು. ಅವನು ಅದನ್ನು ಕಂಡ. ಬೆಲೆಯಲ್ಲಿ ಒಂದು ಪೈಸೆಯನ್ನೂ ಬಿಡಲಿಲ್ಲ. ಅದರಿಂದಲೇ ಅವಳಿಗೆ ನಂಬಿಕೆ ಬಂತು: ಇವನಲ್ಲ. ತಪ್ಪು ಮಾಡಿದವನಾಗಿದ್ದರೆ ಖಂಡಿತ ಕಡಿಮೆ ಮಾಡುತ್ತಿದ್ದ.

ಹೊಸ ಶೂ ಹಿಡಿದು ಹೊರಬಂದಾಗ ಅವಳಿಗೆ ನಾಚಿಕೆಯೂ ಆಯಿತು, ಭಯವೂ ಹೆಚ್ಚಾಯಿತು. ಇವನಲ್ಲವೆಂದರೆ ಮತ್ತೆ ಯಾರು?

*

ಉತ್ತರ ಸಿಕ್ಕಿದ್ದು ಬಸ್ಸಿನ ಕಿಟಕಿಯಿಂದ. ಆಸ್ಪತ್ರೆ ರಸ್ತೆಯ ಬಸ್ಸಿನಲ್ಲಿ ಟಿಕೆಟ್ ನೋಡುತ್ತಾ ನಿಂತಿದ್ದಳು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಎದುರಿಗೇ ಗಂಡನ ಅಂಗಡಿ. ಗಾಜಿನ ಬಾಗಿಲು ತೆರೆದುಕೊಂಡಿತು. ಒಳಗಿನಿಂದ ಬೂದು ಟೋಪಿ ಹೊರಬಂತು. ಅವಳ ಗಂಡ ಬಾಗಿಲವರೆಗೆ ಬಂದು ಅವನ ಭುಜ ತಟ್ಟಿ ಏನೋ ಹೇಳಿದ. ಅವನು ತಲೆಯಾಡಿಸಿದ.

ಬಸ್ಸು ಹೊರಟಿತು. ಟಿಕೆಟ್ ಹಿಡಿದ ಮುದುಕರೊಬ್ಬರು, "ಏನಮ್ಮಾ, ಸರಿ ಇದೆ ತಾನೇ?" ಎಂದರು. ಅವಳಿಗೆ ಕೇಳಿಸಲಿಲ್ಲ.

ಸಂಜೆ ಊಟಕ್ಕೆ ಬಡಿಸುತ್ತಾ, ಏನೂ ಇಲ್ಲವೆಂಬಂತೆ ಕೇಳಿದಳು. "ಇವತ್ತು ವ್ಯಾಪಾರ ಹೇಗಿತ್ತು? ಯಾರ್ಯಾರು ಬಂದಿದ್ರು?"

"ಯಾರೂ ಇಲ್ಲ. ಒಂದಿಬ್ರು ಕಾಲೇಜು ಹುಡುಗೀರು, ಫ್ರೇಮ್ ನೋಡೋಕೆ," ಎಂದ ಗಂಡ. ಅವಳ ಮುಖವನ್ನೇ ನೇರವಾಗಿ ನೋಡಿ ನಕ್ಕ.

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮದುವೆಯಾದಂದಿನಿಂದ ಈ ಮನುಷ್ಯನನ್ನು ಸಾವಿರ ಸಲ ಅನುಮಾನಿಸಿದ್ದಳು. ಒಮ್ಮೆಯೂ ಅದು ನಿಜವಾಗಿರಲಿಲ್ಲ. ಅನುಮಾನ ನಿಜವಾದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮಲಗಿದರೂ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಇವರೇ ನನ್ನ ಹಿಂದೆ ಆಳು ಬಿಟ್ಟಿದ್ದಾರೆ. ಯಾಕೆ? ನನ್ನ ಮೇಲೆ ಇವರಿಗೆ ಅನುಮಾನವೇ? ಈ ವಯಸ್ಸಿನಲ್ಲಿ? ಯಾರ ಜೊತೆ? ಗುಂಡಣ್ಣನ ಜೊತೆ? ಗುಂಡಣ್ಣ ಓಡುವಾಗ ಅವನ ಹೊಟ್ಟೆ ಕುಣಿಯುವುದು ನೆನಪಾಗಿ ಕತ್ತಲಲ್ಲಿ ಒಂದು ಗಳಿಗೆ ನಗು ಬಂತು. ಮರುಗಳಿಗೆ ಪಿತ್ತ ನೆತ್ತಿಗೇರಿತು. ಅನುಮಾನಿಸುವುದು ಈ ಮನೆಯಲ್ಲಿ ತನ್ನ ಕೆಲಸ. ಅದನ್ನು ಇವರು ಯಾವಾಗ ಕೈಗೆತ್ತಿಕೊಂಡರು?

ಮರುದಿನ ಓಟದಲ್ಲಿ ಅವಳು ಒಂದು ಉಪಾಯ ಮಾಡಿದಳು. ಗೋದಾಮುಗಳ ತಿರುವು ದಾಟುತ್ತಲೇ ಗೋಡೆಯ ಸಂದಿಗೆ ನುಗ್ಗಿ, ಮುರುಕು ಪೆಟ್ಟಿಗೆಗಳ ಹಿಂದೆ ಉಸಿರು ಬಿಗಿಹಿಡಿದು ನಿಂತಳು. ಟಪ್ ಟಪ್ ಸದ್ದು ಹತ್ತಿರ ಬಂತು, ದಾಟಿ ಮುಂದೆ ಹೋಯಿತು, ತಟ್ಟನೆ ನಿಂತಿತು. ಅವನು ದಂಡೆಯ ಆ ಕಡೆ ಈ ಕಡೆ ನೋಡಿದ. ಕಾಲುವೆಯ ಅಂಚಿಗೆ ಓಡಿ ಬಗ್ಗಿ ನೀರನ್ನೂ ನೋಡಿದ.

"ಅಕ್ಕಾ!" ಎಂದು ಕೂಗಿದ. "ಅಕ್ಕಾ! ಎಲ್ಲಿದೀರಾ?"

ಆ ದನಿಯಲ್ಲಿ ಕೇಡು ಇರಲಿಲ್ಲ. ಮಗು ಕೈತಪ್ಪಿಸಿಕೊಂಡು ಹೋದಾಗ ಕೂಗುವ ತಾಯಿಯ ದನಿಯ ಹಾಗಿತ್ತು. ಚೆಕಿಂಗಮ್ಮನಿಗೆ ಗಲಿಬಿಲಿಯಾಯಿತು. ಆದರೂ ಹೊರಬಂದು, ಬಸ್ಸಿನಲ್ಲಿ ಕಳ್ಳ ಸಿಕ್ಕಾಗ ನಿಲ್ಲುವಂತೆ ಕಾಲು ಅಗಲಿಸಿ ನಿಂತಳು.

"ಆ ಚೀಲ ಬಿಚ್ಚು."

ಅವನು ಬೆಚ್ಚಿಬಿದ್ದು ತಿರುಗಿದ. ಅವಳು ಕಂಡಳೆಂಬ ನೆಮ್ಮದಿಗೆ ಮೊದಲು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಆಮೇಲೆ ಸೊಂಟದ ಚೀಲ ಬಿಚ್ಚಿ ನೆಲದ ಮೇಲಿಟ್ಟ. ಒಳಗೆ ಸಕ್ಕರೆಯ ಗುಳಿಗೆಗಳು, ಗಾಯಕ್ಕೆ ಇಡುವ ತೆಳುಬಟ್ಟೆ, ಬ್ಯಾಂಡೇಜು, ಉಸಿರು ಊದಲು ಬಳಸುವ ಪ್ಲಾಸ್ಟಿಕ್ಕಿನ ಮುಖವಾಡ, ರಕ್ತದೊತ್ತಡ ನೋಡುವ ಪಟ್ಟಿ.

"ಏನಿದು?"

"ನಾನು ನರ್ಸು, ಅಕ್ಕಾ. ನಿಮ್ಮೆಜಮಾನ್ರ ಅಂಗಡಿ ಎದುರಿನ ಆಸ್ಪತ್ರೇಲಿ. ಡಯಾಲಿಸಿಸ್ ವಾರ್ಡು." "ನಿಮ್ಮಕ್ಕನ ಕೈಗೆ ಸೂಜಿ ಹಾಕ್ತಿದ್ದೋನು ನಾನೇ. ಮೂರು ವರ್ಷ."

ಅವಳು ಅಷ್ಟು ಬೇಗ ನಂಬುವವಳೇ? "ಯಾವ ಕೈಗೆ?"

"ಎಡಗೈಗೆ. ಅದಕ್ಕೇ ಗಡಿಯಾರ ಬಲಗೈಗೆ ಕಟ್ಕೋತಿದ್ರು. 'ಎಲ್ಲರೂ ನನ್ನನ್ನ ಎಡಚಿ ಅಂದ್ಕೊಂಡಿದಾರೆ ಕಣೋ' ಅಂತ ನಗ್ತಿದ್ರು." ಅವನು ಸ್ವಲ್ಪ ಧೈರ್ಯ ತಂದುಕೊಂಡು ಮುಂದುವರಿಸಿದ. "ನಿಮ್ಮ ಬಗ್ಗೆ ತುಂಬಾ ಹೇಳೋರು. 'ನನ್ನ ತಂಗಿ ಬಸ್ ಹತ್ತಿದ್ರೆ ಡ್ರೈವರೂ ಟಿಕೆಟ್ ತಗೋತಾನೆ' ಅನ್ನೋರು."

ಅಕ್ಕನ ಮಾತೇ ಅದು. ಅಕ್ಕನದೇ ವರಸೆ. ಅದನ್ನು ಬೇರೆ ಯಾರೂ ಕಟ್ಟಿ ಹೇಳಲಾರರು. ಚೆಕಿಂಗಮ್ಮ ಗೋಡೆಗೆ ಒರಗಿದಳು.

"ನಮ್ಮನೆಯವರು ನಿನಗೆ ಎಷ್ಟು ದುಡ್ಡು ಕೊಟ್ಟಿದಾರೆ?"

"ದುಡ್ಡು ತಗೊಂಡಿಲ್ಲ. ನಮ್ಮಮ್ಮನಿಗೆ ಕನ್ನಡಕ ಮಾಡ್ಕೊಟ್ರು. ಬೇಡ ಅಂದ್ರೂ ಕೇಳ್ಲಿಲ್ಲ."

*

ಅವಳು ಡ್ಯೂಟಿಗೆ ಹೋಗಲಿಲ್ಲ. ನೇರವಾಗಿ ಅಂಗಡಿಗೆ ಬಂದಳು. ಗಂಡ ಬೆನ್ನು ತಿರುಗಿಸಿ ಕುಳಿತು ಗಾಜು ಉಜ್ಜುತ್ತಿದ್ದ; ಯಂತ್ರ ಗುಂಯ್‌ಗುಡುತ್ತಿತ್ತು. ಅವಳೇ ಹೋಗಿ ಸ್ವಿಚ್ಚು ಆರಿಸಿದಳು.

"ನಿಮ್ಮ ಬೂದು ಟೋಪಿ ಸಿಕ್ಕಿಬಿದ್ದ."

ಅವನು ಕೈಯಲ್ಲಿದ್ದ ಗಾಜನ್ನು ಜೋಪಾನವಾಗಿ ಬಟ್ಟೆಯ ಮೇಲಿಟ್ಟ. "ಬೈಯಬೇಡ ಅವನಿಗೆ. ನಾನೇ ಕಾಡಿದ್ದು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ. ಬೇಡ ಅಂದ್ರೆ ಮುಗೀತು."

"ನಾನೇನು ಹಾಲು ಕುಡಿಯೋ ಮಗೂನಾ? ಕಾವಲಿಗೆ ಜನ ಇಡ್ತಾರಾ?"

ಅವನು ಒಂದೊಂದೇ ಬೆರಳಿಗಂಟಿದ ಬಿಳಿಯ ಹುಡಿಯನ್ನು ಒರೆಸಿಕೊಂಡ. "ಅಕ್ಕ ಬಿದ್ದಾಗ ಸುತ್ತ ಅಷ್ಟು ಜನ ಇದ್ರು. ಏನು ಮಾಡ್ಬೇಕು ಅಂತ ಗೊತ್ತಿದ್ದೋರು ಒಬ್ರೂ ಇರ್ಲಿಲ್ಲ. ನಿನಗೆ ಹಾಗಾಗೋದು ಬೇಡ ಅಂತ. ಅಷ್ಟೇ." ಆಮೇಲೆ, ಮೊದಲ ಬಾರಿಗೆ, ದನಿ ಏರಿಸಿದ. "ಇದು ವಂಶದಲ್ಲಿ ಬರೋ ಕಾಯಿಲೆ, ತಂಗೀನೂ ಪರೀಕ್ಷೆ ಮಾಡಿಸ್ಕೊಳ್ಲಿ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ಎಷ್ಟು ಸಲ ಗೋಗರೆದೆ? ಇವತ್ತು ಡ್ಯೂಟಿ, ನಾಳೆ ಡ್ಯೂಟಿ. ಊರೋರ ಜೇಬೆಲ್ಲಾ ತಡಕಾಡ್ತೀಯ, ನಿನ್ನ ಒಳಗೇನಿದೆ ಅಂತ ನೋಡೋಕೆ ಮಾತ್ರ ಯಾರನ್ನೂ ಬಿಡಲ್ಲ!"

ಪರೀಕ್ಷೆಯನ್ನು ಮುಂದೂಡಿದ್ದು ಡ್ಯೂಟಿಯ ಕಾರಣಕ್ಕಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಕಡೆಗೆ ಒಂದು ಒಪ್ಪಂದವಾಯಿತು. ಓಟಕ್ಕೆ ಮುಂಚೆಯೇ ಅವಳು ಪರೀಕ್ಷೆಗೆ ರಕ್ತ ಕೊಡಬೇಕು. ಅದಕ್ಕೆ ಬದಲಾಗಿ, ಓಟದ ದಿನ ಅವಳ ಹಿಂದೆ ಯಾರೂ ಓಡಕೂಡದು. "ಅವನು ತನ್ನ ಓಟ ತಾನು ಓಡ್ಲಿ. ಮುಂದೆ. ನನ್ನ ಕಣ್ಣಿಗೆ ಕಾಣೋ ಕಡೆ," ಎಂದಳು.

ರಕ್ತ ತೆಗೆದವನು ಅದೇ ನರ್ಸು. ಅವಳು ಸೂಜಿಯನ್ನೇ ದುರುಗುಟ್ಟಿ ನೋಡುತ್ತಾ, ಸೀಸೆಯ ಮೇಲೆ ತನ್ನ ಹೆಸರೇ ಇದೆಯೇ ಎಂದು ಎರಡು ಸಲ ಓದಿಕೊಂಡಳು. ಓಟದ ಹಿಂದಿನ ಸಂಜೆ ಗಂಡ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಕೇಳ್ಕೊಂಡು ಬಂದೆ. ಎಲ್ಲಾ ಚೆನ್ನಾಗಿದೆ. ಆರಾಮಾಗಿ ಓಡು," ಎಂದ.

ಹಾಗೆಂದು ಅವಳ ಮುಖವನ್ನೇ ನೋಡಿ ನಕ್ಕ.

*

ಓಟದ ಬೆಳಿಗ್ಗೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅನಾಥಾಲಯಕ್ಕೆ ಓಡುವವರು, ಕುರುಡರ ಶಾಲೆಗೆ ಓಡುವವರು, ಸುಮ್ಮನೆ ಮೈ ಇಳಿಸಲು ಓಡುವವರು. ಡಿಪೋದವರೆಲ್ಲ ಎದೆಯ ಮೇಲೆ ವ್ಯಾನಿನ ಚಿತ್ರವಿದ್ದ ಬನಿಯನ್ ಹಾಕಿದ್ದರು. ಗುಂಡಣ್ಣನ ಎದೆಯ ಮೇಲೆ ಅದು ಲಾರಿಯಷ್ಟು ಅಗಲವಾಗಿತ್ತು. ನರ್ಸು ದೂರದಿಂದಲೇ ಕೈ ಬೀಸಿದ. ಅವಳು ಅವನ ಕಣ್ಣು ಹುಡುಕಿದಳು. ಅವನು ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ. ಸೀಟಿ ಊದಿದ್ದೇ ತಡ, ಬಿಟ್ಟ ಬಾಣದಂತೆ ಮುಂದೆ ಹೋಗಿ ಗುಂಪಿನಲ್ಲಿ ಕರಗಿದ.

ಚೆಕಿಂಗಮ್ಮ ಓಡಿದಳು. ಕಾಲು ಓಡುತ್ತಿತ್ತು, ತಲೆ ಗಂಡನ ನಗುವಿನ ಸುತ್ತ ಗಿರಕಿ ಹೊಡೆಯುತ್ತಿತ್ತು. ಕೆಟ್ಟ ಸುದ್ದಿಯಿದ್ದರೆ ಓಡಲು ಬಿಡುತ್ತಿದ್ದರೇ? ಬಿಡುತ್ತಿರಲಿಲ್ಲ. ಅಥವಾ, ಪಾಪ, ಇದೊಂದು ಆಸೆ ಮುಗಿಸಿಕೊಳ್ಳಲಿ ಎಂದು ಬಿಟ್ಟರೋ? ಆ ನರ್ಸು ಯಾಕೆ ತಲೆ ತಗ್ಗಿಸಿದ? ಮಾರುಕಟ್ಟೆ ದಾಟಿತು, ರೈಲ್ವೆ ಗೇಟು ದಾಟಿತು, ಜನರ ಚಪ್ಪಾಳೆ ಹಿಂದೆ ಬಿತ್ತು. ಗುಂಡಣ್ಣ ಎಂದೋ ಹಿಂದುಳಿದಿದ್ದ. ಊರು ಮುಗಿದು ಎರಡೂ ಕಡೆ ಬಯಲಿದ್ದ ನೀಳ ರಸ್ತೆ ಬಂದಾಗ ಬಿಸಿಲು ನೆತ್ತಿಗೇರುತ್ತಿತ್ತು.

ಅಲ್ಲಿ ಅವಳಿಗೆ ಕಣ್ಣು ಮಂಜಾಯಿತು. ರಸ್ತೆ ಎದ್ದು ಬಂದಂತಾಯಿತು. ಅವಳು ನಡಿಗೆಗಿಳಿದು, ಗೊತ್ತಿಲ್ಲದೆಯೇ ಹಿಂತಿರುಗಿ ನೋಡಿದಳು. ಹಿಂದೆ, ದೂರದಲ್ಲಿ ಕುಂಟುತ್ತಾ ಬರುವ ಯಾರೋ ಒಬ್ಬರನ್ನು ಬಿಟ್ಟರೆ, ಬರೀ ಖಾಲಿ ರಸ್ತೆ. ತಾನೇ ಹಟ ಹಿಡಿದು ಖಾಲಿ ಮಾಡಿಸಿದ್ದು. ಅಕ್ಕನಿಗೂ ಆ ಕಂಬದ ಹತ್ತಿರ ಹೀಗೆಯೇ ಆಗಿರಬಹುದು ಎಂಬ ಯೋಚನೆ ಬಂತು.

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ, ಕಿವಿಯಲ್ಲಿ ಹಾಡು ಕೇಳುತ್ತಾ, ಕುಂಟುತ್ತಾ ಅವಳನ್ನು ದಾಟತೊಡಗಿದಳು. ಚೆಕಿಂಗಮ್ಮ ಕೈ ಚಾಚಿದಳು. "ಸ್ವಲ್ಪ ದೂರ ನನ್ನ ಪಕ್ಕದಲ್ಲಿ ಬರ್ತೀಯಾ, ಮರೀ?"

ಹುಡುಗಿ ಕಿವಿಯಿಂದ ತಂತಿ ತೆಗೆದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತನ್ನ ಫೋನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. "ಯಾಕೆ?"

ಆ ನೋಟವನ್ನು ಚೆಕಿಂಗಮ್ಮ ಚೆನ್ನಾಗಿ ಬಲ್ಲಳು. ತಾನು ದಿನವೂ ಊರಿನವರಿಗೆಲ್ಲ ಹಂಚುತ್ತಿದ್ದ ನೋಟವೇ ಅದು. ಎದುರು ನಿಂತು ಅದನ್ನು ತೆಗೆದುಕೊಳ್ಳುವುದು ಹೇಗಿರುತ್ತದೆಂದು ಇದೇ ಮೊದಲು ಗೊತ್ತಾದದ್ದು.

"ತಲೆ ಸುತ್ತುತ್ತಿದೆ. ಒಬ್ಬಳೇ ಇದ್ರೆ ಭಯ ಆಗುತ್ತೆ," ಎಂದಳು. ಈ ಮಾತನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಹುಡುಗಿಯ ಮುಖ ಸಡಿಲವಾಯಿತು. ತನ್ನ ಬಾಟಲಿ ಕೊಟ್ಟಳು. ಚೆಕಿಂಗಮ್ಮ ಅದನ್ನು ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕಣ್ಣು ಮುಚ್ಚಿ ಗಟಗಟ ಕುಡಿದಳು. ಇಬ್ಬರೂ ನಡೆದರು, ಸ್ವಲ್ಪ ಓಡಿದರು, ಮತ್ತೆ ನಡೆದರು. ಹುಡುಗಿ ಬೀದಿ ನಾಯಿಗಳ ಆಸ್ಪತ್ರೆಗಾಗಿ ಓಡುತ್ತಿದ್ದಳಂತೆ. ದಾರಿಯುದ್ದಕ್ಕೂ ಮೂರು ಕಾಲಿನ ಒಂದು ನಾಯಿಯ ಕಥೆ ಹೇಳಿದಳು. ಮಂಜು ಸರಿಯಿತು. ಕೊನೆಯ ತಿರುವಿನಲ್ಲಿ ಸೀಟಿ ಸಾಹೇಬನ ಸೀಟಿ ಕೇಳಿಸಿದಾಗ, ಅವಳಿಗೆ ತನ್ನ ಕಾಲುಗಳು ತನ್ನವೇ ಎಂದು ಮತ್ತೆ ಅನ್ನಿಸಿತು.

ಮುಕ್ತಾಯದ ಗೆರೆ ದಾಟಿದ ಕೂಡಲೇ ಗಂಡ ಟವಲು ಹಿಡಿದು ಓಡಿಬಂದ. ಡಿಪೋದವರೆಲ್ಲ ಕೇಕೆ ಹಾಕುತ್ತಿದ್ದರು. ಅವಳು ಟವಲನ್ನು ತಳ್ಳಿದಳು.

"ರೀ, ನಿಜ ಹೇಳಿ. ಏನು ಬಂದಿದೆ ರಕ್ತದಲ್ಲಿ?"

"ಎಲ್ಲಾ ಚೆನ್ನಾಗಿದೆ ಅಂತ ಹೇಳಿದ್ನಲ್ಲ..."

"ನಗಬೇಡಿ. ನಗದೆ ಹೇಳಿ."

ಅವನ ಮುಖದ ನಗು ಕಳಚಿಬಿತ್ತು. "ನನಗೆ ಗೊತ್ತಿಲ್ಲ ಕಣೇ. ಓಡಬಹುದಾ ಅಂತ ಆ ನರ್ಸನ್ನ ಕೇಳ್ದೆ. 'ನಿಧಾನಕ್ಕೆ ಓಡಬಹುದು ಅಂತ ಡಾಕ್ಟ್ರೇ ಹೇಳಿದಾರೆ, ಆದ್ರೆ...' ಅಂತ ಅವನು ಶುರು ಮಾಡ್ದ. 'ಆದ್ರೆ' ಅಂದ ತಕ್ಷಣ, ಮುಂದೆ ಹೇಳಬೇಡಪ್ಪಾ ಅಂತ ಕೈಮುಗಿದು ಎದ್ದು ಬಂದುಬಿಟ್ಟೆ. ಕೇಳೋ ಧೈರ್ಯ ಬರ್ಲಿಲ್ಲ."

ಅವಳು ಟವಲು ತೆಗೆದುಕೊಂಡು ಮೊದಲು ಅವನ ಮುಖ ಒರೆಸಿದಳು. ಆಮೇಲೆ ಗುಂಪಿನಲ್ಲಿ ಬೂದು ಟೋಪಿಯನ್ನು ಹುಡುಕಿ, "ಬಾರೋ ಇಲ್ಲಿ," ಎಂದು ಕರೆದಳು. ಮೂವರೂ ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕುಳಿತರು. ಅವಳು ಗಂಡನ ಕೈ ಹಿಡಿದುಕೊಂಡಳು. "ಹೇಳು. ಆ 'ಆದ್ರೆ' ಆದ ಮೇಲೆ ಏನು?"

ನರ್ಸು ಈ ಸಲ ತಲೆ ತಗ್ಗಿಸಲಿಲ್ಲ. "ಸ್ವಲ್ಪ ಇದೆ ಅಕ್ಕಾ. ನಿಮ್ಮಕ್ಕನಿಗೆ ಇದ್ದಿದ್ದೇ. ಆದ್ರೆ ಅವರಿಗೆ ಗೊತ್ತಾಗುವಾಗ ಎಲ್ಲಾ ಕೈಮೀರಿತ್ತು. ನಿಮ್ಮದು ಈಗ ತಾನೇ ಶುರು. ಮಾತ್ರೆ ಇದೆ. ಉಪ್ಪು ಕಮ್ಮಿ ಮಾಡ್ಬೇಕು, ಬಿಡದೆ ಬಂದು ತೋರಿಸ್ಕೋಬೇಕು. ಹೀಗಿದ್ರೆ ತುಂಬಾ ವರ್ಷ ನಮ್ಮ ಡಯಾಲಿಸಿಸ್ ಕುರ್ಚಿ ನಿಮಗೆ ಬೇಕಾಗಲ್ಲ. ಯಾವತ್ತೂ ಬೇಕಾಗ್ದೇನೂ ಇರಬಹುದು."

ಅವಳು ಅವನ ಕಣ್ಣು, ಹುಬ್ಬು, ತುಟಿ ಎಲ್ಲವನ್ನೂ ಜಾಲಾಡಿದಳು. ಎಲ್ಲೂ ಏನೂ ಅಡಗಿರಲಿಲ್ಲ. ಕೆಟ್ಟ ಸುದ್ದಿಯೇ ಆದರೂ, ಪೂರಾ ಸುದ್ದಿ. ಅವಳಿಗೆ ಅಳು ಬಂತು, ಅತ್ತಳು. ಗಂಡನೂ ಅತ್ತ. ಅಷ್ಟರಲ್ಲಿ ಗುಂಡಣ್ಣ ಎಲ್ಲರಿಗಿಂತ ಕೊನೆಯವನಾಗಿ, ಇಬ್ಬರ ಹೆಗಲಿಗೆ ಜೋತುಬಿದ್ದು ಗೆರೆ ದಾಟಿದ. ಡಿಪೋದ ಕೇಕೆಗೆ ಮೈದಾನವೇ ಅದುರಿತು.

ವ್ಯಾನು ಬರಲು ಮಳೆಗಾಲವೇ ಆಯಿತು. ಎತ್ತಿದ ದುಡ್ಡಿಗೆ ಹೊಸದು ಬರಲಿಲ್ಲ. ಯಾವುದೋ ಶಾಲೆ ಓಡಿಸಿ ಬಿಟ್ಟದ್ದು ಸಿಕ್ಕಿತು. ಕೊಳ್ಳುವ ದಿನ ಚೆಕಿಂಗಮ್ಮ ಅದರ ಅಡಿಗೆ ತೂರಿ, ಸೀಟುಗಳನ್ನೆಲ್ಲ ಎತ್ತಿ, ಮಾರುವವನ ಬೆವರಿಳಿಸಿದಳು. ಆರು ಜನ ಮಲಗಿದ ಹಾಗೆ ಒರಗಿ ಕೂರುವಂತೆ ಮೆಕ್ಯಾನಿಕ್ಕುಗಳು ಅದನ್ನು ಬಿಚ್ಚಿ ಕಟ್ಟಿದರು. ಈಗಲೂ ವಾರದಲ್ಲಿ ಒಂದು ದಿನ ಅವಳು ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತು ಹೋಗುತ್ತಾಳೆ. ರೋಗಿಗಳನ್ನು ಅವರವರ ಮನೆ ಬಾಗಿಲವರೆಗೆ ಕೈಹಿಡಿದು ಬಿಟ್ಟು, ಒಳಗೆ ಯಾರಾದರೂ ಇದ್ದಾರೆಂದು ಖಾತ್ರಿಯಾದ ಮೇಲೇ ಗಾಡಿ ಹೊರಡಿಸುತ್ತಾಳೆ.

ಮನೆಯಲ್ಲಿ ಅಡುಗೆಗೆ ಉಪ್ಪು ಕಡಿಮೆಯಾಯಿತು. "ನಾನೂ ಅದನ್ನೇ ತಿಂತೀನಿ, ನಿನಗೆ ಜೊತೆ," ಎಂದು ಗಂಡ ಘೋಷಿಸಿದ. ಸಪ್ಪೆ ಊಟವನ್ನು ಚಪ್ಪರಿಸಿ ಚಪ್ಪರಿಸಿ ಉಂಡ. ಎರಡು ದಿನ ಚೆಕಿಂಗಮ್ಮ ಸುಮ್ಮನಿದ್ದಳು. ಮೂರನೆಯ ದಿನ ಅವನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿ, ಬೆರಳು ತೋರಿಸಿ."

"ಯಾಕೆ?"

"ತೋರಿಸಿ ಅಂದೆ."

ಅವನು ಕೈ ಚಾಚಿದ. ಅವಳು ಬಗ್ಗಿ ಮೂಸಿ ನೋಡಿದಳು. ಹುರಿದ ಕಡಲೆಕಾಯಿಯ ವಾಸನೆ, ಉಗುರಿನ ಸಂದಿಯಲ್ಲಿ ಉಪ್ಪಿನ ಹರಳು. ಅವನು ಅವಳ ಮುಖ ನೋಡದೆ ಗೋಡೆ ನೋಡುತ್ತಾ, "ಒಂದೇ ಮುಷ್ಟಿ," ಎಂದ.